ದೊಡ್ಡವರೆಲ್ಲರಿಗೂ ಹೊಟ್ಟೆಯ ಬ್ಯಾಕ್ಟೀರಿಯಾ ಪರೀಕ್ಷೆ ಬೇಕಾ?

ಪರ

ದಾವಣಗೆರೆಯಲ್ಲಿ ಹೊಟ್ಟೆ ಉರಿದರೆ ಬೈಸಿಕೊಳ್ಳುವುದು ಮಿರ್ಚಿ-ಮಂಡಕ್ಕಿ. ಮೆಡಿಕಲ್ ಶಾಪಿಗೆ ಹೋಗಿ ಗ್ಯಾಸ್ ಮಾತ್ರೆ ತಗೊಂಡರೆ ಮುಗೀತು. ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಮಾತ್ರೆಯಿಂದ ಆಸಿಡ್ ಕಡಿಮೆಯಾಗುತ್ತದೆ, ಸರಿ. ಆದರೆ ಒಳಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದ್ದರೆ, ಅದು ಮಾತ್ರೆಯಿಂದ ಸಾಯುವುದಿಲ್ಲ.

ಈ ಬ್ಯಾಕ್ಟೀರಿಯಾವನ್ನು 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಬೆಳೆಸಿ ತೋರಿಸಿದರು. ಹೊಟ್ಟೆಯ ಉರಿಯೂತಕ್ಕೂ ಅಲ್ಸರಿಗೂ ಇದೇ ಕಾರಣ ಅಂದರೆ ಡಾಕ್ಟರುಗಳೇ ನಂಬಲಿಲ್ಲ. ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡರು. ಎಂಥ ಧೈರ್ಯ! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿತ್ತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಇದು ತರುವ ಹೊಟ್ಟೆಯ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಲ್ಲ. ಮೊದಲು ಉರಿಯೂತ. ಆಮೇಲೆ ಹೊಟ್ಟೆಯ ಒಳಪದರ ಸವೆಯುತ್ತದೆ. ಮುಂದೆ ಅಲ್ಲಿ ಕರುಳಿನಲ್ಲಿರುವಂಥ ಜೀವಕೋಶಗಳು ಹುಟ್ಟುತ್ತವೆ. ಇಷ್ಟಕ್ಕೆ ದಶಕಗಳೇ ಹಿಡಿಯುತ್ತವೆ. ಅಷ್ಟು ಕಾಲ ಕೈಯಲ್ಲಿದ್ದೂ ಸುಮ್ನೆ ಕೂತಿರಬೇಕಾ? ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ 30 ದಾಟಿದವರನ್ನೆಲ್ಲ ಪರೀಕ್ಷೆಗೆ ಕರೆದು, ಸೋಂಕಿದ್ದವರಿಗೆ ಚಿಕಿತ್ಸೆ ಕೊಟ್ಟರು. ಹೊಟ್ಟೆಯ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿಯಿತು. ಉಸಿರು ಊದಿಯೋ ಮಲದ ಸ್ಯಾಂಪಲ್ ಕೊಟ್ಟೋ ಸೋಂಕು ತಿಳಿಯಬಹುದು. ಇಷ್ಟು ಸುಲಭದ ಪರೀಕ್ಷೆಯನ್ನು ಕಾಯಿಲೆ ಬಲಿತ ಮೇಲೆ ಮಾಡಿಸುವುದರಲ್ಲಿ ಅರ್ಥವಿಲ್ಲ.

ವಿರೋಧ

ಸೋಂಕಿಗೂ ಕ್ಯಾನ್ಸರಿಗೂ ನಂಟಿದೆ, ಅದನ್ನು ನಾನೂ ಒಪ್ಪುತ್ತೇನೆ. ಒಪ್ಪದಿರುವುದು ‘ಎಲ್ಲರಿಗೂ’ ಅನ್ನುವುದನ್ನು. ನಮ್ಮ ದೇಶದಲ್ಲಿ ಈ ಸೋಂಕು ಬಹಳ ಜನರಲ್ಲಿದೆ. ಆದರೆ ಸೋಂಕಿರುವ 100 ಜನರಲ್ಲಿ ಕ್ಯಾನ್ಸರ್ ಆಗುವುದು ಹೆಚ್ಚೆಂದರೆ 3 ಮಂದಿಗೆ. ಭಾರತದಲ್ಲಂತೂ ಸೋಂಕು ಜಾಸ್ತಿ ಇದ್ದರೂ ಈ ಕ್ಯಾನ್ಸರ್ ಕಡಿಮೆ. ಮಿಜೋರಾಂ ಮಾತು ಬೇರೆ, ಅಲ್ಲಿ ಹೆಚ್ಚು. ಮಾತ್ಸುವಿನಲ್ಲೂ ಈ ಕ್ಯಾನ್ಸರ್ ಮೊದಲಿಂದಲೇ ಜಾಸ್ತಿ ಇತ್ತು. ಅಲ್ಲಿಯ ಲೆಕ್ಕ ದಾವಣಗೆರೆಗೆ ಹಾಗೇ ಹೊಂದುವುದಿಲ್ಲ.

ಚಿಕಿತ್ಸೆಯೂ ಹಗುರವಲ್ಲ. ಸಾಮಾನ್ಯವಾಗಿ 14 ದಿನ, ಆಸಿಡ್ ಕಡಿಮೆ ಮಾಡುವ ಮಾತ್ರೆಯ ಜೊತೆ ಎರಡು ಆ್ಯಂಟಿಬಯೋಟಿಕ್. ಬಾಯಿ ಕಹಿ, ಭೇದಿ, ವಾಕರಿಕೆ. ಬೇಸತ್ತು ಅರ್ಧಕ್ಕೆ ಬಿಡುವವರಿದ್ದಾರೆ. ಹಾಗೆ ಬಿಟ್ಟಾಗ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಮೆಟ್ರೊನಿಡಜೋಲ್ ಅನ್ನುವ ಆ್ಯಂಟಿಬಯೋಟಿಕ್ ಈಗಾಗಲೇ ನಮ್ಮಲ್ಲಿ ಎಷ್ಟೋ ಜನರಿಗೆ ನಾಟುವುದಿಲ್ಲ. ಏನೂ ತೊಂದರೆ ಇಲ್ಲದ ಲಕ್ಷಾಂತರ ಜನರಿಗೆ ಇಷ್ಟು ಔಷಧ ತಿನ್ನಿಸಿ, ನಾಳೆ ನಿಜಕ್ಕೂ ಬೇಕಾದವರಿಗೆ ಏನು ಕೊಡುತ್ತೀರಿ?

ಗ್ಯಾಸ್ ಮಾತ್ರೆ ನುಂಗುತ್ತಲೇ ಪರೀಕ್ಷೆಗೆ ಹೋದರೆ ಸೋಂಕಿದ್ದರೂ ಇಲ್ಲ ಅಂತ ಬರಬಹುದು. ಎರಡು ವಾರ ಮೊದಲೇ ಡಾಕ್ಟರನ್ನು ಕೇಳಿ ನಿಲ್ಲಿಸಬೇಕು. ಇದನ್ನು ಎಷ್ಟು ಜನರಿಗೆ ಹೇಳುತ್ತಾರೆ?

ಅಲ್ಸರ್ ಇದ್ದವರಿಗೆ, ಅಪ್ಪ-ಅಮ್ಮ ಇಲ್ಲವೇ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಆಗಿದ್ದವರಿಗೆ ಪರೀಕ್ಷೆ ಖಂಡಿತ ಮಾಡಿಸಿ. ಇನ್ನು ಜಗಳೂರು ಕಡೆಯಿಂದ ಬಸ್ಸು ಹತ್ತಿ ಬರುವವರಲ್ಲಿ ತೂಕ ಇಳಿದವರು, ಮಲ ಕಪ್ಪಾದವರು, ತುತ್ತು ನುಂಗಲಾಗದವರು ಇರುತ್ತಾರೆ. ಇವರಿಗೆ ಉಸಿರಿನ ಪರೀಕ್ಷೆ ಸಾಲದು, ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಬೇಕು, ಅದೂ ಬೇಗ. ಇರುವ ದುಡ್ಡು, ಇರುವ ಡಾಕ್ಟರು ಮೊದಲು ಇವರಿಗೆ ಸಿಗಲಿ.