ಕಿಟ್ಟವನ್ನು ಕಸವೆಂದವರಿಗೆ

ನಿನ್ನೆ ರಾತ್ರಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಉತ್ಖನನವನ್ನು ಕುರಿತ ಸಾಕ್ಷ್ಯಚಿತ್ರವೊಂದನ್ನು ನೋಡಿದೆ. ನೋಡಿದಾಗಿನಿಂದ ಮೈ ಉರಿಯುತ್ತಿದೆ. ಅಲ್ಲಿನ ಕಾಪರ್‌ಗೇಟ್ ಬೀದಿಯಲ್ಲಿ 1982ರಲ್ಲಿ ಸಿಕ್ಕ, ಎಂಟನೆಯ ಶತಮಾನದ ಶಿರಸ್ತ್ರಾಣಕ್ಕೆ ಹತ್ತು ನಿಮಿಷ, ಜೊತೆಗೆ ಪಿಟೀಲಿನ ಹಿನ್ನೆಲೆ. ಅದೇ ಜಾಗದಲ್ಲಿ 1976ರಿಂದ 1981ರವರೆಗೆ ಅಗೆದಾಗ ಹೊರಬಂದ, ಹತ್ತನೆಯ ಶತಮಾನದ ಕಿಟ್ಟವನ್ನೂ (ಲೋಹ ಕಾಯಿಸಿ ಕರಗಿಸಿದಾಗ ಉಳಿಯುವ ಗಸಿ) ಮೂಸೆಯ (ಲೋಹ ಕರಗಿಸುವ ಮಣ್ಣಿನ ಪಾತ್ರೆ) ಚೂರುಗಳನ್ನೂ ಮಾತ್ರ ನಿರೂಪಕ ಮಹಾಶಯರು "ಕುಲುಮೆಯ ಕಸ" ಎಂದು ಒಂದೇ ಉಸಿರಿನಲ್ಲಿ ಮುಗಿಸಿದರು.

ಕಸವಂತೆ! ಶಿರಸ್ತ್ರಾಣದ ಮೇಲೆ ಓಷೆರೆ ಎಂಬ ಹೆಸರು ಕೆತ್ತಿದೆ, ಆದ್ದರಿಂದ ಅದು ಇತಿಹಾಸ. ಕಿಟ್ಟದ ಮೇಲೆ ಯಾರ ಹೆಸರೂ ಇಲ್ಲ, ಆದ್ದರಿಂದ ಅದು ಕಸ. ಆದರೆ ಆ ಬೀದಿಯಲ್ಲಿ ಒತ್ತೊತ್ತಾಗಿದ್ದ ನಿವೇಶನಗಳಲ್ಲಿ ಯಾರು ಏನು ಮಾಡಿ ಬದುಕಿದರು ಎಂಬುದನ್ನು ಹೇಳುವುದು ಈ ಕಸವೇ. ಬೀದಿಯ ಹೆಸರನ್ನು ನಂಬಿದರೆ ಮೋಸಹೋಗುತ್ತೀರಿ, ಏಕೆಂದರೆ ಕಾಪರ್‌ಗೇಟ್‌ಗೂ ತಾಮ್ರಕ್ಕೂ ಸಂಬಂಧವಿಲ್ಲ; ಅದು ಮರದ ಬಟ್ಟಲು ಕಡೆಯುವವರ ಬೀದಿ ಎಂಬರ್ಥದ, ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನ ಹೆಸರು. ಅಲ್ಲಿ ಲೋಹವನ್ನೂ ಕರಗಿಸುತ್ತಿದ್ದರೆಂದು ತಿಳಿಸಿದ್ದು ಮೂಸೆಯ ಚೂರುಗಳು. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂಥ ಉರಿಯಲ್ಲಿ ಮೂಸೆಯ ಹೊರಮೈ ಗಾಜುಗಟ್ಟುತ್ತದೆ, ಒಳಗೋಡೆಯಲ್ಲಿ ಲೋಹದ ಹನಿ ಅಂಟಿಕೊಂಡು ಉಳಿಯುತ್ತದೆ. ಆ ಹನಿಯನ್ನು ಪರೀಕ್ಷಿಸಿದರೆ ಎರಕ ಹೊಯ್ದದ್ದು ಕಂಚೋ ಹಿತ್ತಾಳೆಯೋ ಬೆಳ್ಳಿಯೋ ಎಂದು ಹೇಳಬಹುದು. ಅಲ್ಲಿ ನಾಣ್ಯ ಒತ್ತುವ ಕಬ್ಬಿಣದ ಅಚ್ಚುಗಳು ದೊರೆತಿವೆ, ಅಂಥ ಅಚ್ಚು ಒತ್ತಿದ ಸೀಸದ ತುಣುಕುಗಳೂ ದೊರೆತಿವೆ. ಇವಕ್ಕೆಲ್ಲ ಪಿಟೀಲು ಬೇಡವೇ?

ಕಿಟ್ಟ ರಾಶಿರಾಶಿಯಾಗಿ ಸಿಗುತ್ತದೆ, ಅದನ್ನೆಲ್ಲ ಇಡಲು ಸಂಗ್ರಹಾಲಯದಲ್ಲಿ ಜಾಗವೆಲ್ಲಿ ಎಂದು ಕೆಲವು ಸ್ನೇಹಿತರು ಉತ್ತರ ಬರೆಯಲು ಈಗಲೇ ಬೆರಳು ಮಸೆಯುತ್ತಿರಬಹುದು. ಸ್ವಾಮಿ, ಎಲ್ಲವನ್ನೂ ಗಾಜಿನ ಪೆಟ್ಟಿಗೆಯಲ್ಲಿಡಿ ಎಂದವರು ಯಾರು? ತೂಗಿ, ಸಿಕ್ಕ ಜಾಗವನ್ನು ಬರೆದಿಟ್ಟು, ಮಾದರಿ ಉಳಿಸಿಕೊಂಡರೆ ಸಾಕು. ಜಾಗದ ನೆಪ ಹೇಳುವವರು ಆ ತೂಕವನ್ನಾದರೂ ಬರೆದಿದ್ದಾರೆಯೇ?

ಇಷ್ಟು ಕೂಗಾಡಲು ನನಗೇನು ಯೋಗ್ಯತೆ ಎಂದು ಕೇಳಿದರೆ ಹೇಳಿಯೇಬಿಡುತ್ತೇನೆ. ಕಾಯಿಸಿದ ಕಬ್ಬಿಣವನ್ನು ಬಡಿದಾಗ ಮೀನಿನ ಹುರುಪೆಯಂಥ ಕಪ್ಪು ಚಕ್ಕೆಗಳು ಉದುರುತ್ತವೆ. ಅವು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಆದರೆ ಒಣಮಣ್ಣಿನ ಮೇಲೆ ಅಯಸ್ಕಾಂತ ಆಡಿಸಿದರೆ ಇರುವೆಗಳಂತೆ ಬಂದು ಹತ್ತಿಕೊಳ್ಳುತ್ತವೆ. ಅವು ಎಲ್ಲಿ ದಟ್ಟವಾಗಿವೆಯೋ ಅದರ ಆಸುಪಾಸಿನಲ್ಲೇ ಕಮ್ಮಾರ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲು ಇತ್ತೆಂದು ಹೇಳಬಹುದು. ವಿದ್ಯಾರ್ಥಿಯಾಗಿದ್ದಾಗ, ಒಂದು ಕುಲುಮೆಯ ನೆಲವನ್ನು ಕೆರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಿಂದಿನ ದಿನ ಪಕ್ಕದ ಗುಂಡಿಯಲ್ಲಿ ನಾಣ್ಯವೊಂದು ಸಿಕ್ಕಿದ್ದರಿಂದ, ನನ್ನ ಗಮನವೆಲ್ಲ ಅತ್ತಲೇ ಇತ್ತು. ಅಯಸ್ಕಾಂತ ಜೇಬಿನಲ್ಲೇ ಇದ್ದರೂ, ಬೇಗ ಮುಗಿಸುವ ಆತುರದಲ್ಲಿ ನಾಲ್ಕು ಬುಟ್ಟಿ ಕಪ್ಪುಮಣ್ಣನ್ನು ಹಾಗೆಯೇ ಅಗೆದು ಬಿಸಾಡುವ ಮಣ್ಣಿನ ದಿಬ್ಬಕ್ಕೆ ಸುರಿದು ಬಂದೆ. ಆ ಉತ್ಖನನದ ನಕ್ಷೆಯಲ್ಲಿ ಕುಲುಮೆಯ ಗುಂಡಿ ಇದೆ, ಇದ್ದಿಲಿನ ಗುಂಡಿಯೂ ಇದೆ. ಅಡಿಗಲ್ಲಿನ ಜಾಗದಲ್ಲಿ ನನ್ನದೇ ಕೈಬರಹದ ಪ್ರಶ್ನಾರ್ಥಕ ಚಿಹ್ನೆ ಇದೆ.