ಬಿಟ್ಟು ಬಂದ ಮೇಲಿನ ದಿನಗಳು

ನಮ್ಮ ದೊಡ್ಡಪ್ಪನ ಮಗ, ಅಂದರೆ ಅಣ್ಣನಿಗೆ ಚಟ ಹತ್ತಿದ್ದು ಬೆನ್ನಿನ ಆಪರೇಷನ್ ಆದ ಮೇಲೆ ಕೊಟ್ಟ ನೋವಿನ ಮಾತ್ರೆಯಿಂದ. ಕೆಲವೇ ದಿನಕ್ಕೆ ಅಂತ ಬರೆದುಕೊಟ್ಟಿದ್ದು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ.

ಒಂದು ದಿನ ದೊಡ್ಡಮ್ಮ ಒಗೆಯೋಕೆ ಅಂತ ದಿಂಬಿನ ಕವರ್ ಜಾಡಿಸಿದರು. ಖಾಲಿ ಸ್ಟ್ರಿಪ್‌ಗಳು ಉದುರಿದವು. ಶಬ್ದ ಆಗಬಾರದು ಅಂತ ಒಂದೊಂದನ್ನೂ ಬಟ್ಟೆ ಚೂರಿನಲ್ಲಿ ಸುತ್ತಿ ಇಟ್ಟಿದ್ದ. ದೊಡ್ಡಮ್ಮ ನೆಲದ ಮೇಲೆ ಕೂತು ಎಲ್ಲವನ್ನೂ ಬಿಚ್ಚಿ ಎಣಿಸಿದರು. ಅರ್ಧಕ್ಕೇ ಎಣಿಸೋದು ನಿಲ್ಲಿಸಿಬಿಟ್ಟರು.

"ಡಾಕ್ಟರ್ ಕೊಟ್ಟಿದ್ದು ತಾನೇ, ಅದು ಡ್ರಗ್ ಹೇಗಾಗುತ್ತೆ?" ಅಂತ ದೊಡ್ಡಪ್ಪ ಕೇಳಿದ್ದರು. ಹೆರಾಯಿನ್ ಕೂಡ 1898ರಲ್ಲಿ ಮಾರುಕಟ್ಟೆಗೆ ಬಂದಿದ್ದು ಕೆಮ್ಮಿನ ಔಷಧಿ ಅಂತಲೇ.

ನಾವು ಮೊದಲು ಮಾಡಿದ್ದು ದೊಡ್ಡ ತಪ್ಪು. ಮಾತ್ರೆ ಕಿತ್ತುಕೊಂಡು "ಮನಸ್ಸು ಗಟ್ಟಿ ಮಾಡ್ಕೋ" ಅಂತ ರೂಮಿನಲ್ಲಿ ಕೂರಿಸಿದೆವು. ವಾಂತಿ, ಭೇದಿ, ಚಳಿ, ಮೈಯೆಲ್ಲ ನೋವು. ನಾಟಕ ಅಂದುಕೊಂಡೆವು. (ಕುಡಿತ ಅಥವಾ ನಿದ್ದೆ ಮಾತ್ರೆ ಹತ್ತಿಸಿಕೊಂಡವರಿಗೆ ಹೀಗೆ ಮಾಡಲೇಬೇಡಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತು ಬರಬಹುದು.)

ಆಮೇಲೆ ಚಿಕಿತ್ಸೆಗೆ ಸೇರಿಸಿದೆವು. ಎರಡು ತಿಂಗಳಿಗೆ ಮುಖದಲ್ಲಿ ಕಳೆ ಬಂತು. ಮನೆಗೆ ಬಂದ ದಿನ ಎಲ್ಲರೂ ಉಸಿರು ಬಿಟ್ಟೆವು, ಮುಗಿಯಿತು ಅಂತ. ನಾನು ಇಷ್ಟೆಲ್ಲ ಬರೀತಿರೋದು ಇದೊಂದು ಮಾತಿಗಾಗಿಯೇ: ಅಲ್ಲಿಗೆ ಮುಗಿಯುವುದಿಲ್ಲ. ಅತಿ ಅಪಾಯದ ದಿನಗಳು ಅಲ್ಲಿಂದ ಶುರುವಾಗುತ್ತವೆ.

ಮಾರ್ಫಿನ್, ಹೆರಾಯಿನ್, ಅಣ್ಣ ನುಂಗುತ್ತಿದ್ದ ಮಾತ್ರೆ, ಎಲ್ಲ ಒಂದೇ ಗುಂಪು. ನೋವಿನ ಜೊತೆ ಉಸಿರಾಟವನ್ನೂ ತಗ್ಗಿಸುತ್ತವೆ. ದಿನಾ ತೆಗೆದುಕೊಂಡರೆ ಮೈ ಒಗ್ಗಿಕೊಳ್ಳುತ್ತದೆ, ಹಾಗಾಗಿ ಜಾಸ್ತಿ ಜಾಸ್ತಿ ಬೇಕಾಗುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿದ್ದು ಇಳಿದುಹೋಗುತ್ತದೆ, ಆದರೆ ಆಸೆ ಇಳಿದಿರುವುದಿಲ್ಲ. ಆಗ ಹಳೇ ಲೆಕ್ಕದಲ್ಲೇ ನುಂಗಿದರೆ ಉಸಿರೇ ನಿಲ್ಲಬಹುದು. ಚಿಕಿತ್ಸೆ ಮುಗಿಸಿ ಬಂದವರು, ಜೈಲಿನಿಂದ ಬಂದವರು ಮೊದಲ ಕೆಲವು ವಾರಗಳಲ್ಲೇ ಹೆಚ್ಚು ಸಾಯುವುದು ಇದಕ್ಕೇ.

ಅಣ್ಣನೂ ಹಾಗೇ ಹಳೇ ಲೆಕ್ಕದಲ್ಲಿ ನುಂಗಿದ್ದ. ರಾತ್ರಿ ರೂಮಿನಿಂದ ಗೊರಕೆ ಕೇಳಿಸುತ್ತಿತ್ತು. ಅತ್ತಿಗೆಗೆ ಅದು ಸರಿ ಕಾಣಲಿಲ್ಲ. ಗೊರಗೊರ ಅನ್ನುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ಹೋಗಿ ನೋಡಿದರೆ ತುಟಿ ನೀಲಿ, ಅಲುಗಾಡಿಸಿದರೂ ಎಚ್ಚರ ಇಲ್ಲ. ಆಸ್ಪತ್ರೆಯಲ್ಲಿ ನಾಲೋಕ್ಸೋನ್ ಇಂಜೆಕ್ಷನ್ ಕೊಟ್ಟರು, ಈ ಗುಂಪಿನ ಮಾತ್ರೆಗಳ ಪರಿಣಾಮವನ್ನು ಇಳಿಸುವ ಮದ್ದು ಅದು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಆ ಗೊರಕೆ ಕೇಳಿ "ನಿದ್ದೆ ಮಾಡಲಿ ಬಿಡು" ಅಂದುಕೊಂಡಿದ್ದರೆ?

ದಯವಿಟ್ಟು ಆ ಶಬ್ದ ನೆನಪಿಡಿ. ಎಬ್ಬಿಸಿದರೂ ಏಳದಿದ್ದರೆ ಆಂಬ್ಯುಲೆನ್ಸ್ ಕರೆಯಿರಿ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ. ಏನು ತೆಗೆದುಕೊಂಡಿದ್ದಾರೆ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ. ಮರ್ಯಾದೆ ಪ್ರಶ್ನೆ ಆಮೇಲೆ ನೋಡಿಕೊಳ್ಳಬಹುದು.

ಅಣ್ಣ ಈಗ ಈ ಚಟದ ಚಿಕಿತ್ಸೆಗೆ ಅಂತ ಡಾಕ್ಟರ್ ಕೊಡುವ ಬ್ಯೂಪ್ರಿನಾರ್ಫಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಆ ಹಪಾಹಪಿಯನ್ನು ಅದು ಹಿಡಿದಿಡುತ್ತದೆ. "ಒಂದು ಬಿಟ್ಟು ಇನ್ನೊಂದು ಹಿಡಿದನಾ?" ಅಂತ ನೆಂಟರು ಅವನ ಎದುರಿಗೇ ಕೇಳುತ್ತಾರೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಗ್ಗೆ ಯಾರೂ ಹೀಗೆ ಕೇಳಲ್ಲ ಅಲ್ವಾ? ಹೋದ ವಾರ ಅವನು ತಲೆ ತಗ್ಗಿಸಿದಾಗ ದೊಡ್ಡಮ್ಮನೇ ಎದ್ದು, ಮಾತ್ರೆ ತಂದು ಎಲ್ಲರ ಮುಂದೆ ಅವನ ಕೈಗಿಟ್ಟರು.