ಪೈಪ್ ನುಣುಪಾಗಿದೆ ಅಂತ ಅರ್ಧ ಇಂಚು ಹಾಕಬೇಡಿ

ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: "ಪ್ಲಾಸ್ಟಿಕ್ ಪೈಪಿನ ಒಳಗೆ ನೀರಿಗೆ ತಡೆಯೇ ಇಲ್ಲ. ಒಂದು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕಿತ್ತು ಅರ್ಧ ಇಂಚಿನದು ಹಾಕಿ, ಅಷ್ಟೇ ನೀರು ಬರುತ್ತದೆ." ಇದು ತಪ್ಪು.

ನುಣುಪಿನ ಮಾತೇನೋ ನಿಜ. ಪಿವಿಸಿ ಅಂದರೆ ಪ್ಲಾಸ್ಟಿಕ್ ಪೈಪಿನ ಒಳಮೈಯ ಒರಟುತನ ಸುಮಾರು 0.0015 ಮಿಲಿಮೀಟರ್, ಹೊಸ ಜಿಐನದು 0.15. ನೂರು ಪಟ್ಟು ವ್ಯತ್ಯಾಸ! ಆದರೆ ಹರಿವು ನೂರು ಪಟ್ಟು ಏರುವುದಿಲ್ಲ. ಪೈಪಿನ ಗೋಡೆಗೆ ತಾಗಿದ ನೀರು ನಿಂತೇ ಇರುತ್ತದೆ, ಮೇಲಿನ ಪದರ ಅದನ್ನು ಉಜ್ಜಿಕೊಂಡೇ ಸಾಗಬೇಕು. ಎಷ್ಟು ಪಾಲಿಶ್ ಮಾಡಿದರೂ ಈ ತಿಕ್ಕಾಟ ತಪ್ಪಿದ್ದಲ್ಲ. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಹೇಳುವ ಹೇಜನ್-ವಿಲಿಯಮ್ಸ್ ಲೆಕ್ಕದಲ್ಲಿ ಪಿವಿಸಿಗೆ 150, ಹೊಸ ಜಿಐಗೆ 120 ಅಂಕ; ಅಂಕ ಏರಿದಷ್ಟೇ ಹರಿವೂ ಏರುತ್ತದೆ. ಅಂದರೆ ಲಾಭ ಶೇ. 25 ಅಷ್ಟೇ. ವ್ಯಾಸ ಅರ್ಧ ಮಾಡಿದರೋ, ಹರಿವು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನ್ನೂ ಸೇರಿಸಿದರೆ ಸಿಗುವುದು ಐದರಲ್ಲೊಂದು ಪಾಲು ನೀರು.

ತುಕ್ಕು ಕಟ್ಟಿ ಅರ್ಧ ಮುಚ್ಚಿದ ಹಳೇ ಜಿಐ ತೆಗೆದರೆ ನೀರು ಜಾಸ್ತಿ ಬರುತ್ತದೆ, ಅಲ್ವಾ? ಹೌದು, ಆದರೆ ಅದಕ್ಕೆ ಮುಖ್ಯ ಕಾರಣ ದಾರಿ ಅಗಲವಾದದ್ದು.

ಟೆರೇಸ್ ಟ್ಯಾಂಕಿನ ಕೆಳಗೇ ಇರುವ ಮೇಲಿನ ಮಹಡಿಯವರು ಇನ್ನೂ ಹುಷಾರಾಗಿರಬೇಕು. ನೀರಿನ ಮಟ್ಟ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ 0.3 ಕೆಜಿ ಮಾತ್ರ. ಅಲ್ಲಿ ಸುಮ್ನೆ ಹಾಕಿದ ಒಂದು ಎಲ್ಬೋ (ಪೈಪ್ ತಿರುಗಿಸುವ ಮೂಲೆ ತುಂಡು) ಕೂಡ ಲೆಕ್ಕಕ್ಕೆ ಬರುತ್ತದೆ. ಗರಗಸದಲ್ಲಿ ಕೊಯ್ದ ಅಂಚಿನ ಸಿಬಿರು ಕೆರೆಯದೆ, ಪೈಪ್ ಜೋಡಿಸುವ ಅಂಟಾದ ಸಾಲ್ವೆಂಟ್ ಸಿಮೆಂಟ್ ಮೆತ್ತಿ ಒತ್ತಿದರೆ ಒಳಗೆ ಅಂಟಿನ ಉಂಗುರವೇ ಕಟ್ಟಿಕೊಳ್ಳುತ್ತದೆ. ಕೆಲಸ ನಡೆಯುವಾಗಲೇ ನಿಂತು ನೋಡಿ, ಆಮೇಲೆ ಕಾಣುವುದಿಲ್ಲ.